ಹಳೆ ಸನ್ ವರ್ಕ್‌ಸ್ಟೇಷನ್‌ನಲ್ಲಿ ಸ್ವಾಪ್ ಕೈಕೊಟ್ಟಾಗ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೆಮೊರಿ ಸಾಲದಾದಾಗ ಅದರಲ್ಲಿರುವುದನ್ನು ತಾತ್ಕಾಲಿಕವಾಗಿ ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗವೇ ಸ್ವಾಪ್. ಆ ಜಾಗ ಪೂರ್ತಿ ಖಾಲಿ ಬಿದ್ದಿದೆ. ಆದರೂ ಹೊಸ ಪ್ರೋಗ್ರಾಂ ಶುರು ಮಾಡಿದರೆ ಮೆಷಿನ್ ‘ನಾಟ್ ಎನಫ್ ಸ್ಪೇಸ್’ ಅನ್ನುತ್ತದೆ. ಹಳೆ ಸೊಲಾರಿಸ್ (ಸನ್ ಕಂಪನಿಯ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ) ಮೆಷಿನ್ ನಡೆಸುವವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ನೋಡುತ್ತಾರೆ. ಆಗ ಹೆಚ್ಚಿನವರು ಇನ್ನೊಂದು ಸ್ವಾಪ್ ಫೈಲ್ ಸೇರಿಸಿ ಸುಮ್ಮನಾಗುತ್ತಾರೆ. ಕೆಲವು ಸಲ ಅದೇ ಸರಿಯಾದ ಮದ್ದು. ಆದರೆ ಬಹಳ ಸಲ ತೊಂದರೆ ಇರುವುದು ಡಿಸ್ಕಿನಲ್ಲಲ್ಲ, ಸೊಲಾರಿಸ್ ಸ್ವಾಪನ್ನು ಲೆಕ್ಕ ಹಾಕುವ ರೀತಿಯಲ್ಲಿ. ಆ ಲೆಕ್ಕ ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಹೇಳುವುದು ಮುಖ್ಯವಾಗಿ ಸ್ಪಾರ್ಕ್ ಪ್ರೊಸೆಸರ್‌ನ ಸನ್ ಮೆಷಿನ್‌ಗಳಿಗೆ: ಸ್ಪಾರ್ಕ್‌ಸ್ಟೇಷನ್ 5, ಸ್ಪಾರ್ಕ್‌ಸ್ಟೇಷನ್ 20, ಅಲ್ಟ್ರಾ 1, ಅಲ್ಟ್ರಾ 5, ಅಲ್ಟ್ರಾ 10 ಇಂಥವು. ಆಪರೇಟಿಂಗ್ ಸಿಸ್ಟಂ ಸೊಲಾರಿಸ್ 2.5ರಿಂದ 9ರವರೆಗೆ ಯಾವುದಾದರೂ ಇರಲಿ. ಉಳಿದ ಹಳೆ ಯುನಿಕ್ಸ್‌ಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಒತ್ತಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಬಹುಪಾಲು ಕೆಲಸಕ್ಕೆ ರೂಟ್ ಲಾಗಿನ್ (ಎಲ್ಲ ಅಧಿಕಾರವೂ ಇರುವ ಖಾತೆ) ಬೇಕು.

ಲೆಕ್ಕ ಹೇಗೆ ನಡೆಯುತ್ತದೆ

ಸೊಲಾರಿಸ್ 2ಕ್ಕಿಂತ ಮುಂಚಿನ ಸನ್‌ಓಎಸ್ 4ರ ಕಾಲದಲ್ಲಿ ನಿಯಮ ಸರಳವಾಗಿತ್ತು, ಆದರೆ ಕಟ್ಟುನಿಟ್ಟು. ಪ್ರೋಗ್ರಾಂ ತನಗಾಗಿ ಕೇಳುವ ಮೆಮೊರಿಯ ಪ್ರತಿ ಪುಟಕ್ಕೂ (ಮೆಮೊರಿ ಹಂಚುವ ಸಣ್ಣ ತುಂಡಿಗೂ) ಡಿಸ್ಕಿನಲ್ಲಿ ಒಂದು ಸ್ವಾಪ್ ಜಾಗ ಇರಲೇಬೇಕಿತ್ತು. 64 ಎಂಬಿ ಮೆಮೊರಿ ಹಾಕಿ 32 ಎಂಬಿ ಸ್ವಾಪ್ ಕೊಟ್ಟರೆ ಪ್ರೋಗ್ರಾಂಗಳ ಡೇಟಾಗೆ ಸಿಗುತ್ತಿದ್ದದ್ದು 32 ಎಂಬಿ ಮಾತ್ರ. ‘ಮೆಮೊರಿಯ ಎರಡು ಪಟ್ಟು ಸ್ವಾಪ್ ಇಡಿ’ ಎನ್ನುವ ಮಾತು ಇಂಥ ಸಿಸ್ಟಂಗಳ ಕಾಲದ್ದು. ನಿಯಮ ಹೋದರೂ ಮಾತು ಉಳಿದುಕೊಂಡಿತು.

ಸೊಲಾರಿಸ್ 2 ಬಂದ ಮೇಲೆ ಇದು ಬದಲಾಯಿತು. ಈಗ ಸ್ವಾಪ್ ಅಂದರೆ ಡಿಸ್ಕಿನ ಜಾಗ ಮಾತ್ರವಲ್ಲ. ಡಿಸ್ಕಿನ ಸ್ವಾಪ್ ಮತ್ತು ಬಳಕೆಗೆ ಸಿಗುವ ಮೆಮೊರಿ ಎರಡನ್ನೂ ಕೂಡಿಸಿ ಒಂದೇ ಗಂಟು ಮಾಡಲಾಗಿದೆ. ಇದಕ್ಕೆ ವರ್ಚುವಲ್ ಸ್ವಾಪ್ ಅನ್ನುತ್ತಾರೆ. ಮೆಮೊರಿ ಪೂರ್ತಿ ಈ ಗಂಟಿಗೆ ಸೇರುವುದಿಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದರ ಮೇಲೆ ಸುಮಾರು ಎಂಟನೇ ಒಂದು ಭಾಗವನ್ನು ಸಿಸ್ಟಂನ ಉಳಿದ ಕೆಲಸಕ್ಕೆ ಬಿಡಲಾಗುತ್ತದೆ. ಹಾಗಾಗಿ ಕೂಡಿಸಿ ನೋಡಿದಾಗ ಮೊತ್ತ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ.

ಮುಖ್ಯವಾದ ಮಾತು ಇನ್ನೊಂದಿದೆ. ಸೊಲಾರಿಸ್ ಸಾಲದ ಮೇಲೆ ಮೆಮೊರಿ ಕೊಡುವುದಿಲ್ಲ. ಪ್ರೋಗ್ರಾಂ 100 ಎಂಬಿ ಕೇಳಿದರೆ, ಅದನ್ನು ಇನ್ನೂ ಮುಟ್ಟದೇ ಇದ್ದರೂ, ಆ ಕ್ಷಣವೇ 100 ಎಂಬಿಯನ್ನು ಅದರ ಹೆಸರಿಗೆ ಕಾಯ್ದಿರಿಸುತ್ತದೆ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದ ಹಾಗೆ: ಸೀಟು ಖಾಲಿ ಕಾಣುತ್ತದೆ, ಆದರೆ ಕೂರುವಂತಿಲ್ಲ. ಡಿಸ್ಕಿನ ಸ್ವಾಪ್ ಖಾಲಿ ಇದ್ದೂ ‘ಜಾಗವಿಲ್ಲ’ ಎಂಬ ಉತ್ತರ ಬರುವುದು ಇದರಿಂದಲೇ.

ಹಂತ 1: ಮೆಸೇಜನ್ನು ಸರಿಯಾಗಿ ಓದಿ

ಕನ್ಸೋಲ್ ನೋಡಿ. ಅಲ್ಲಿಂದ ಮಾಯವಾಗಿದ್ದರೆ /ವಾರ್/ಎಡಿಎಂ/ಮೆಸೇಜಸ್ ಫೈಲಿನ ಕೊನೆ ನೋಡಿ. ಮೂರು ಬಗೆಯ ದೂರು ಸಾಮಾನ್ಯ.

‘/ಟಿಎಂಪಿ: ಫೈಲ್ ಸಿಸ್ಟಂ ಫುಲ್, ಸ್ವಾಪ್ ಸ್ಪೇಸ್ ಲಿಮಿಟ್ ಎಕ್ಸೀಡೆಡ್’ ಎಂದು ಬಂದರೆ ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಡೈರೆಕ್ಟರಿಯಲ್ಲಿ ಬರೆಯಲು ಹೋದವರಿಗೆ ಸ್ವಾಪ್ ಸಿಗಲಿಲ್ಲ ಎಂದರ್ಥ. ‘ಸಾರಿ, ನೋ ಸ್ವಾಪ್ ಸ್ಪೇಸ್ ಟು ಗ್ರೋ ಸ್ಟಾಕ್’ ಎಂದು ಬಂದರೆ ಜೊತೆಗೆ ಪ್ರೋಗ್ರಾಂನ ಹೆಸರೂ ನಂಬರೂ ಇರುತ್ತದೆ. ಅಲ್ಲಿ ಹೆಸರಿರುವ ಪ್ರೋಗ್ರಾಂ ಸತ್ತದ್ದು, ಸ್ವಾಪ್ ತಿಂದದ್ದು ಅದೇ ಆಗಿರಬೇಕಿಲ್ಲ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಮೂರನೆಯದು ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಹೇಳುವ ‘ನಾಟ್ ಎನಫ್ ಸ್ಪೇಸ್’. ಸಾಮಾನ್ಯವಾಗಿ ಇದು ಫೋರ್ಕ್ (ಪ್ರೋಗ್ರಾಂ ತನ್ನದೇ ನಕಲು ಮಾಡಿ ಹೊಸ ಪ್ರೋಸೆಸ್ ಹುಟ್ಟಿಸುವುದು) ಸೋತದ್ದರ ಗುರುತು.

ಅದೇ ಫೈಲಿನಲ್ಲಿ ‘ಮೀಡಿಯಾ ಎರರ್’ ಎಂಬ ಸಾಲುಗಳು ಕಂಡರೆ ದಾರಿಯೇ ಬೇರೆ. ನೇರ 8ನೇ ಹಂತಕ್ಕೆ ಹೋಗಿ.

ಹಂತ 2: ಎರಡು ವರದಿಗಳನ್ನು ಒಟ್ಟಿಗೆ ನೋಡಿ

ಸ್ವಾಪ್ -ಎಲ್
ಸ್ವಾಪ್ -ಎಸ್

ಮೊದಲನೆಯದು ಡಿಸ್ಕಿನ ಜಾಗ ಮಾತ್ರ ತೋರಿಸುತ್ತದೆ. ಅದರ ‘ಬ್ಲಾಕ್ಸ್’ ಮತ್ತು ‘ಫ್ರೀ’ ಅಂಕಿಗಳು 512 ಬೈಟಿನ ಬ್ಲಾಕುಗಳಲ್ಲಿರುತ್ತವೆ. ಕೆಬಿ ಬೇಕಾದರೆ 2ರಿಂದ ಭಾಗಿಸಿ. ಉದಾಹರಣೆಗೆ 1048560 ಬ್ಲಾಕ್ ಅಂದರೆ 524280 ಕೆಬಿ, ಹೆಚ್ಚು ಕಡಿಮೆ 512 ಎಂಬಿ. ಅದನ್ನು 1 ಜಿಬಿ ಎಂದು ಓದಿಕೊಂಡು ನೆಮ್ಮದಿಯಾಗಿ ಕೂತವರು ಇದ್ದಾರೆ.

‘ಸ್ವಾಪ್‌ಲೋ’ ಕಾಲಂನಲ್ಲಿ 8 ಅಥವಾ 16 ಕಾಣುತ್ತದೆ. ಅದು ಬಿಟ್ಟುಬಿಟ್ಟ ಮೊದಲ ಪುಟ. ಡಿಸ್ಕಿನ ಲೇಬಲ್ ಅಲ್ಲಿರಬಹುದು ಎಂದು ಸೊಲಾರಿಸ್ ಅದನ್ನು ಮುಟ್ಟುವುದಿಲ್ಲ. ಸ್ಪಾರ್ಕ್‌ಸ್ಟೇಷನ್ 5 ಮತ್ತು 20ರಲ್ಲಿ ಪುಟ 4 ಕೆಬಿ, ಆದ್ದರಿಂದ 8. ಅಲ್ಟ್ರಾದಲ್ಲಿ 8 ಕೆಬಿ, ಆದ್ದರಿಂದ 16.

ಎರಡನೆಯ ವರದಿ ಒಂದೇ ಸಾಲು. ಅದು ಪೂರ್ತಿ ಗಂಟಿನ ಲೆಕ್ಕ, ಕೆಬಿಯಲ್ಲಿ. ‘ಅಲೊಕೇಟೆಡ್’ ಅಂದರೆ ನಿಜವಾಗಿ ಬಳಕೆಗೆ ಬಂದದ್ದು. ‘ರಿಸರ್ವ್ಡ್’ ಅಂದರೆ ಟವಲ್ ಹಾಕಿದ್ದು, ಇನ್ನೂ ಕೂತಿಲ್ಲ. ಎರಡೂ ಸೇರಿ ‘ಯೂಸ್ಡ್’. ಕೊನೆಯ ‘ಅವೈಲಬಲ್’ ಅಂಕಿಯೇ ನಿಮ್ಮ ಪ್ರಾಣ. ಅದು ಸೊನ್ನೆಯ ಹತ್ತಿರ ಬಂದರೆ ಡಿಸ್ಕಿನ ಸ್ವಾಪ್ ಎಷ್ಟೇ ಖಾಲಿ ಇರಲಿ, ಹೊಸದೇನೂ ಶುರುವಾಗುವುದಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಅವೈಲಬಲ್ ಕಡಿಮೆ, ಡಿಸ್ಕಿನ ಫ್ರೀ ಜಾಸ್ತಿ: ಇದು ಕಾಯ್ದಿರಿಸಿದ್ದರ ತೊಂದರೆ. ಮೆಷಿನ್ ನಿಧಾನವಾಗಿರುವುದಿಲ್ಲ, ಸುಮ್ನೆ ‘ಇಲ್ಲ’ ಅನ್ನುತ್ತಿರುತ್ತದೆ. ಡಿಸ್ಕಿನ ಸ್ವಾಪ್ ಸೇರಿಸಿದರೆ ಸಾಕು, ಅದನ್ನು ಯಾರೂ ನಿಜವಾಗಿ ಬಳಸದೇ ಹೋಗಬಹುದು. ಎರಡೂ ಕಡಿಮೆ: ಇದು ನಿಜವಾದ ಕೊರತೆ. ಇಲ್ಲಿ ಸ್ವಾಪ್ ಸೇರಿಸಿದರೆ ಮೆಷಿನ್ ಬದುಕುತ್ತದೆ, ಆದರೆ ತೆವಳುತ್ತದೆ. ಅದಕ್ಕೆ ಬೇಕಾದದ್ದು ಮೆಮೊರಿ. ಅವೈಲಬಲ್ ಧಾರಾಳವಾಗಿದ್ದೂ ಮೆಸೇಜ್ ಬಂದಿತ್ತು ಅಂದರೆ ಯಾವುದೋ ಒಂದು ಕ್ಷಣದಲ್ಲಿ ದೊಡ್ಡ ಬೇಡಿಕೆ ಬಂದು ಹೋಗಿದೆ.

ಆ ಕ್ಷಣದ ಬೇಡಿಕೆ ಹೆಚ್ಚಾಗಿ ಫೋರ್ಕಿನದು. 200 ಎಂಬಿ ಡೇಟಾ ಹೊತ್ತ ಪ್ರೋಗ್ರಾಂ ಒಂದು ಸಣ್ಣ ‘ಎಲ್ಎಸ್’ ಓಡಿಸಲು ಫೋರ್ಕ್ ಮಾಡಿದರೂ, ಮಗು ಪ್ರೋಸೆಸ್‌ಗೆ ಇನ್ನೊಂದು 200 ಎಂಬಿ ಕಾಯ್ದಿರಿಸಬೇಕು. ಮರುಕ್ಷಣ ಅದು ‘ಎಲ್ಎಸ್’ ಆಗಿ ಬದಲಾಗಿ ಆ ಜಾಗವನ್ನೆಲ್ಲ ಬಿಟ್ಟುಕೊಡುತ್ತದೆ. ನೀವು ವರದಿ ನೋಡುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ. ಇದನ್ನು ಹಿಡಿಯಬೇಕಾದರೆ ‘ವಿಎಂಸ್ಟ್ಯಾಟ್ 1’ ಓಡಿಸಿಟ್ಟು ಸ್ವಾಪ್ ಕಾಲಂ ಗಮನಿಸಿ. ಅಂಕಿ ದಿಢೀರನೆ ಇಳಿದು ಮತ್ತೆ ಏರುವುದು ಸಿಕ್ಕಿಬೀಳಬಹುದು.

ಹಂತ 3: ತಿನ್ನುತ್ತಿರುವವರು ಯಾರು?

ಮೊದಲು ಟಿಎಂಪಿ. ಸೊಲಾರಿಸ್‌ನಲ್ಲಿ ಆ ಡೈರೆಕ್ಟರಿ ಡಿಸ್ಕಿನ ಮೇಲಿಲ್ಲ. ಅದು ಟಿಎಂಪಿಎಫ್ಎಸ್, ಅಂದರೆ ಸ್ವಾಪಿನ ಗಂಟಿನ ಮೇಲೇ ಕೂತಿದೆ. ಅಲ್ಲಿ 150 ಎಂಬಿ ಟಾರ್ ಫೈಲ್ ಬಿಚ್ಚಿದರೆ ಮೆಷಿನ್‌ನ ಸ್ವಾಪ್ 150 ಎಂಬಿ ಕಡಿಮೆಯಾಗುತ್ತದೆ. ಲಿನಕ್ಸ್ ಅಭ್ಯಾಸದಿಂದ ಬಂದವರಿಗೆ ಇದು ಹೊಳೆಯುವುದೇ ಇಲ್ಲ.

ಡಿಯು -ಎಸ್‌ಕೆ /ಟಿಎಂಪಿ

ಇದು ದೊಡ್ಡ ಅಂಕಿ ಕೊಟ್ಟರೆ ಕಳ್ಳ ಸಿಕ್ಕ. ಬೇಡದ್ದನ್ನು ಅಳಿಸಿ. ದೊಡ್ಡ ಕೆಲಸಗಳನ್ನು /ವಾರ್/ಟಿಎಂಪಿಗೆ ಕಳಿಸಿ, ಅದು ಸಾಮಾನ್ಯವಾಗಿ ಡಿಸ್ಕಿನ ಮೇಲಿರುತ್ತದೆ. ಬಹಳ ಪ್ರೋಗ್ರಾಂಗಳು ಟಿಎಂಪಿಡಿಐಆರ್ ಎಂಬ ದೊಡ್ಡಕ್ಷರದ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡುತ್ತವೆ. ‘ಸಾರ್ಟ್’ ಕಮಾಂಡಿಗೆ ದೊಡ್ಡಕ್ಷರದ -ಟಿ ಕೊಟ್ಟು ಜಾಗ ಹೇಳಬಹುದು.

ಕೆಲವು ಸಲ ‘ಡಿಯು’ ಏನೂ ತೋರಿಸುವುದಿಲ್ಲ, ಆದರೂ ಜಾಗ ಹೋಗಿರುತ್ತದೆ. ಯಾರೋ ಫೈಲ್ ತೆರೆದು, ಹಾಗೆಯೇ ಅಳಿಸಿ, ಇನ್ನೂ ಬಳಸುತ್ತಿದ್ದಾರೆ. ಆ ಪ್ರೋಗ್ರಾಂ ನಿಲ್ಲುವವರೆಗೆ ಜಾಗ ವಾಪಸ್ ಬರುವುದಿಲ್ಲ. ‘ಫ್ಯೂಸರ್ -ಸಿ /ಟಿಎಂಪಿ’ ಎಂದರೆ ಅಲ್ಲಿ ಫೈಲ್ ತೆರೆದುಕೊಂಡಿರುವ ಪ್ರೋಸೆಸ್‌ಗಳ ನಂಬರ್ ಸಿಗುತ್ತದೆ.

ಟಿಎಂಪಿಗೆ ಒಂದು ಮಿತಿ ಹಾಕುವುದು ಒಳ್ಳೆಯದು. ಕಡಿಮೆ ಮೆಮೊರಿಯ ಯಾವುದೇ ಮೆಷಿನ್‌ನಲ್ಲಿ ನಾನು ಇದನ್ನು ಕಡ್ಡಾಯ ಅನ್ನುತ್ತೇನೆ. /ಇಟಿಸಿ/ವಿಎಫ್ಎಸ್‌ಟ್ಯಾಬ್ (ಬೂಟ್ ಆಗುವಾಗ ಜೋಡಿಸಬೇಕಾದ ಫೈಲ್ ಸಿಸ್ಟಂಗಳ ಪಟ್ಟಿ) ಫೈಲಿನಲ್ಲಿ ಟಿಎಂಪಿಎಫ್ಎಸ್ ಸಾಲಿನ ಕೊನೆಯ ಗೆರೆಯ (-) ಜಾಗದಲ್ಲಿ ಮಿತಿ ಬರೆಯಿರಿ. ಸಾಲು ಹೀಗಾಗುತ್ತದೆ:

ಸ್ವಾಪ್   -   /ಟಿಎಂಪಿ   ಟಿಎಂಪಿಎಫ್ಎಸ್   -   ಯೆಸ್   ಸೈಜ್=128ಎಂ

ರೀಬೂಟ್ ಆದ ಮೇಲೆ ಟಿಎಂಪಿ ಎಷ್ಟೇ ತುಂಬಿದರೂ 128 ಎಂಬಿ ದಾಟುವುದಿಲ್ಲ. ಉಳಿದವರು ಬದುಕಿಕೊಳ್ಳುತ್ತಾರೆ.

ಇನ್ನು ಪ್ರೋಸೆಸ್‌ಗಳು. ಸೊಲಾರಿಸ್ 8 ಅಥವಾ 9 ಇದ್ದರೆ ‘ಪಿಆರ್‌ಸ್ಟ್ಯಾಟ್ -ಎಸ್ ಸೈಜ್’ ಸಾಕು. ಅದಕ್ಕಿಂತ ಹಳೆಯದಾದರೆ:

ಪಿಎಸ್ -ಇ -ಓ ವಿಎಸ್‌ಝಡ್,ಆರ್‌ಎಸ್‌ಎಸ್,ಪಿಐಡಿ,ಆರ್ಗ್ಸ್ | ಸಾರ್ಟ್ -ಆರ್‌ಎನ್

ಈ ಅಂಕಿಗಳನ್ನೆಲ್ಲ ಕೂಡಿಸಬೇಡಿ. ಲೈಬ್ರರಿಗಳು, ಪ್ರೋಗ್ರಾಂನ ಕೋಡ್ ಎಲ್ಲವೂ ಅದರಲ್ಲಿ ಸೇರಿರುತ್ತದೆ, ಅವಕ್ಕೆ ಸ್ವಾಪ್ ಬೇಕಿಲ್ಲ. ಪಟ್ಟಿಯ ತುದಿಯಲ್ಲಿ ‘ಎಕ್ಸ್‌ಸನ್’ (ಪರದೆಯ ಮೇಲೆ ಚಿತ್ರ ಬಿಡಿಸುವ ಎಕ್ಸ್ ಸರ್ವರ್) ಕಂಡರೆ ಹೆದರಬೇಡಿ. ಗ್ರಾಫಿಕ್ಸ್ ಕಾರ್ಡಿನ ಫ್ರೇಂ ಬಫರ್ ಕೂಡ ಅದರ ಸೈಜಿನಲ್ಲಿ ಲೆಕ್ಕವಾಗುತ್ತದೆ. ಆದರೆ ಅದು ವಾರಗಟ್ಟಲೆ ಬೆಳೆಯುತ್ತಲೇ ಇದ್ದರೆ ಬೇರೆ ಮಾತು. ಬ್ರೌಸರ್‌ನಂಥ ಪ್ರೋಗ್ರಾಂಗಳು ತಮ್ಮ ಚಿತ್ರಗಳನ್ನು ಎಕ್ಸ್ ಸರ್ವರ್‌ನ ಮೆಮೊರಿಯಲ್ಲಿ ಇಡುತ್ತವೆ. ಲಾಗೌಟ್ ಆಗಿ ಒಳಗೆ ಬಂದರೆ ಆ ಸೈಜ್ ಇಳಿಯುತ್ತದೆ. ನಿಜವಾದ ಲೆಕ್ಕ ಬೇಕಿದ್ದರೆ ‘ಪಿಮ್ಯಾಪ್ -ಎಕ್ಸ್’ ಮತ್ತು ಪ್ರೋಸೆಸ್ ನಂಬರ್ ಕೊಟ್ಟು ಹೀಪ್ (ಪ್ರೋಗ್ರಾಂ ಓಡುವಾಗ ಕೇಳಿ ಪಡೆದ ಮೆಮೊರಿ) ಎಷ್ಟಿದೆ ನೋಡಿ. ಹಳೆಯ ಆವೃತ್ತಿಗಳಲ್ಲಿ ಇದು /ಯುಎಸ್ಆರ್/ಪ್ರಾಕ್/ಬಿನ್ ಒಳಗಿರುತ್ತದೆ.

ಮೂರನೆಯ ಕಳ್ಳ ಪಿಎಸ್‌ನಲ್ಲಿ ಕಾಣುವುದೇ ಇಲ್ಲ: ಹಲವು ಪ್ರೋಸೆಸ್‌ಗಳು ಒಟ್ಟಿಗೆ ಬಳಸುವ ಶೇರ್ಡ್ ಮೆಮೊರಿ. ಡೇಟಾಬೇಸ್ ಅಥವಾ ಕ್ಯಾಡ್ ಪ್ಯಾಕೇಜ್ ಅರ್ಧದಲ್ಲಿ ಸತ್ತರೆ ಅದರ ಶೇರ್ಡ್ ಮೆಮೊರಿ ತುಂಡು ಹಾಗೇ ಉಳಿಯುತ್ತದೆ. ‘ಐಪಿಸಿಎಸ್ -ಎಂಎ’ ಕೊಟ್ಟು ‘ಎನ್ಅಟ್ಯಾಚ್’ ಕಾಲಂ ನೋಡಿ. ಸೊನ್ನೆ ಇದ್ದರೆ ಯಾರೂ ಅದನ್ನು ಹಿಡಿದುಕೊಂಡಿಲ್ಲ. ಅದು ಯಾರದೆಂದು ಖಚಿತ ಮಾಡಿಕೊಂಡು ‘ಐಪಿಸಿಆರ್‌ಎಂ -ಎಂ’ ಮತ್ತು ಆ ತುಂಡಿನ ನಂಬರ್ ಕೊಟ್ಟು ತೆಗೆಯಿರಿ.

ಹಂತ 4: ಕೊರತೆಯೋ, ನಿಧಾನವೋ?

‘ವಿಎಂಸ್ಟ್ಯಾಟ್ 5’ ಓಡಿಸಿ. ಮೊದಲ ಸಾಲು ಬೂಟ್ ಆದಂದಿನಿಂದ ಈವರೆಗಿನ ಸರಾಸರಿ, ಅದನ್ನು ಬಿಡಿ. ನೋಡಬೇಕಾದ್ದು ‘ಎಸ್ಆರ್’ ಕಾಲಂ. ಮೆಮೊರಿ ಸಾಲದೆ ಕರ್ನಲ್ ಪುಟಗಳನ್ನು ಎಷ್ಟು ಜೋರಾಗಿ ಹುಡುಕುತ್ತಿದೆ ಎಂಬುದು ಅದರಲ್ಲಿದೆ. ಸೆಕೆಂಡಿಗೆ 200 ದಾಟಿ ಬಹಳ ಹೊತ್ತು ನಿಂತರೆ ಮೆಮೊರಿ ಸಾಲುತ್ತಿಲ್ಲ ಎಂದು ಹಳಬರು ಅಂದಾಜು ಮಾಡುತ್ತಿದ್ದರು. ‘ಡಬ್ಲ್ಯು’ ಕಾಲಂನಲ್ಲಿ ಅಂಕಿ ಕಂಡು ಅಲ್ಲೇ ನಿಂತಿದ್ದರೆ, ಹಿಂದೆ ಯಾವಾಗಲೋ ಬಿಗಿಯಾದ ಕೊರತೆ ಆಗಿತ್ತು ಎಂದು ಮಾತ್ರ ಅರ್ಥ. ಈಗ ಆಗುತ್ತಿದೆ ಎಂದಲ್ಲ.

ಸೊಲಾರಿಸ್ 7 ಮತ್ತು ಹಿಂದಿನವುಗಳಲ್ಲಿ ಒಂದು ಮೋಸವಿದೆ. ಓದಿದ ಫೈಲ್‌ಗಳೆಲ್ಲ ಮೆಮೊರಿಯಲ್ಲೇ ಉಳಿಯುತ್ತವೆ, ‘ಫ್ರೀ’ ಕಾಲಂ ಸದಾ ಕಡಿಮೆ ಇರುತ್ತದೆ. ದೊಡ್ಡ ಬ್ಯಾಕಪ್ ನಡೆದಾಗ ‘ಎಸ್ಆರ್’ ಕೂಡ ಏರುತ್ತದೆ. ಅದು ಸ್ವಾಪ್ ತೊಂದರೆ ಅಲ್ಲ. ಸೊಲಾರಿಸ್ 7ರಲ್ಲಿ /ಇಟಿಸಿ/ಸಿಸ್ಟಂ ಫೈಲಿಗೆ ‘ಸೆಟ್ ಪ್ರಯಾರಿಟಿ_ಪೇಜಿಂಗ್=1’ ಸೇರಿಸಿ ರೀಬೂಟ್ ಮಾಡಿದರೆ ಫೈಲ್‌ಗಳ ಪುಟ ಮೊದಲು ಹೊರಹೋಗುತ್ತವೆ, ಪ್ರೋಗ್ರಾಂಗಳದ್ದು ಆಮೇಲೆ. ಡೆಸ್ಕ್‌ಟಾಪ್ ಮೆಷಿನ್‌ಗೆ ಇದರಿಂದ ಒಳ್ಳೆ ಫರಕು ಬೀಳುತ್ತದೆ. ಸೊಲಾರಿಸ್ 8ರಲ್ಲಿ ಒಳಗಿನ ವ್ಯವಸ್ಥೆಯೇ ಬದಲಾಯಿತು, ಅಪ್‌ಗ್ರೇಡ್ ಮಾಡಿದರೆ ಆ ಸಾಲು ತೆಗೆದುಬಿಡಿ. 8ರಿಂದ ‘ವಿಎಂಸ್ಟ್ಯಾಟ್ -ಪಿ’ ಇದೆ. ಅದರಲ್ಲಿ ‘ಎಪಿಐ’, ‘ಎಪಿಓ’ ಕಾಲಂಗಳು ಪ್ರೋಗ್ರಾಂ ಡೇಟಾದ ಓಡಾಟ ಮಾತ್ರ ತೋರಿಸುತ್ತವೆ. ಅವು ಸೊನ್ನೆಯಾಗಿದ್ದರೆ ಡಿಸ್ಕಿನ ಸ್ವಾಪನ್ನು ಯಾರೂ ಮುಟ್ಟುತ್ತಿಲ್ಲ.

ಹಂತ 5: ಸ್ವಾಪ್ ಸೇರಿಸುವುದು

ಖಾಲಿ ಪಾರ್ಟಿಷನ್ ಇದ್ದರೆ ಅದೇ ಮೇಲು. ಇಲ್ಲದಿದ್ದರೆ ಫೈಲ್ ನಡೆಯುತ್ತದೆ, ರೀಬೂಟ್ ಬೇಡ. ‘ಡಿಎಫ್ -ಕೆ’ ನೋಡಿ ಜಾಗವಿರುವ ಯುಎಫ್ಎಸ್ (ಸೊಲಾರಿಸ್‌ನ ಮಾಮೂಲಿ ಡಿಸ್ಕ್) ಫೈಲ್ ಸಿಸ್ಟಂ ಆರಿಸಿಕೊಳ್ಳಿ.

ಎಂಕೆಫೈಲ್ 256ಎಂ /ಎಕ್ಸ್‌ಪೋರ್ಟ್/ಸ್ವಾಪ್1
ಸ್ವಾಪ್ -ಎ /ಎಕ್ಸ್‌ಪೋರ್ಟ್/ಸ್ವಾಪ್1
ಸ್ವಾಪ್ -ಎಲ್

ಹಳೆ ಡಿಸ್ಕಿನಲ್ಲಿ ಎಂಕೆಫೈಲ್‌ಗೆ ಸಮಯ ಹಿಡಿಯುತ್ತದೆ, ಏಕೆಂದರೆ ಅದು ಪೂರ್ತಿ ಸೊನ್ನೆ ಬರೆಯುತ್ತದೆ. ಬೇಗ ಆಗಲೆಂದು -ಎನ್ ಕೊಡಬೇಡಿ. ಆಗ ಫೈಲಿಗೆ ಸೈಜ್ ಮಾತ್ರ ಇರುತ್ತದೆ, ಡಿಸ್ಕಿನ ಜಾಗ ಇರುವುದಿಲ್ಲ. ಅದು ಡಿಸ್ಕ್ ಇಲ್ಲದ ಕ್ಲೈಂಟ್‌ಗಳಿಗೆ ಎನ್ಎಫ್ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಸ್ವಾಪ್ ಕೊಡುವ ಸರ್ವರ್‌ಗಾಗಿ ಇರುವ ಆಯ್ಕೆ. ಲೋಕಲ್ ಡಿಸ್ಕಿಗೆ ನಡೆಯುವುದಿಲ್ಲ.

‘ಎಲ್ಎಸ್ -ಎಲ್’ ಮಾಡಿದಾಗ ಫೈಲಿನ ಅನುಮತಿಯ ಕೊನೆಯಲ್ಲಿ ದೊಡ್ಡಕ್ಷರದ ‘ಟಿ’ ಕಾಣಬೇಕು. ಅದು ಸ್ಟಿಕಿ ಬಿಟ್. ಇದು ಸ್ವಾಪ್ ಫೈಲ್, ಇದರ ಡೇಟಾವನ್ನು ಮತ್ತೆ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಡ ಎಂದು ಕರ್ನಲ್‌ಗೆ ಹೇಳುವ ಗುರುತು. ರೂಟ್ ಆಗಿ ಎಂಕೆಫೈಲ್ ಓಡಿಸಿದರೆ ತಾನಾಗಿಯೇ ಬರುತ್ತದೆ. ‘ಡಿಡಿ’ ಬಳಸಿ ಮಾಡಿದವರು ‘ಸಿಎಚ್‌ಮಾಡ್ 1600’ ಕೊಡಬೇಕು. ಬೇರೆಯವರಿಗೆ ಓದುವ ಅನುಮತಿ ಇರಲೇಬಾರದು, ಎಲ್ಲರ ಪ್ರೋಗ್ರಾಂ ಡೇಟಾವೂ ಅಲ್ಲಿ ಬಂದು ಬೀಳುತ್ತದೆ.

ಪಾರ್ಟಿಷನ್ ಸೇರಿಸುವಾಗ ಎರಡು ಸಲ ನೋಡಿ ಒಂದು ಸಲ ಎಂಟರ್ ಒತ್ತಿ. ಸೊಲಾರಿಸ್ ಇನ್‌ಸ್ಟಾಲ್ ಆದಾಗ ಸ್ವಾಪ್ ಸಾಮಾನ್ಯವಾಗಿ ಸ್ಲೈಸ್ 1 (ಪಾರ್ಟಿಷನ್‌ಗೆ ಸೊಲಾರಿಸ್‌ನಲ್ಲಿ ಸ್ಲೈಸ್ ಅನ್ನುತ್ತಾರೆ), ಉದಾಹರಣೆಗೆ /ಡೆವ್/ಡಿಎಸ್‌ಕೆ/ಸಿ0ಟಿ0ಡಿ0ಎಸ್1. ಸ್ಲೈಸ್ 2 ಅಂದರೆ ಇಡೀ ಡಿಸ್ಕ್. ಅದನ್ನು ಸ್ವಾಪ್ ಎಂದು ಕೊಟ್ಟರೆ ಡಿಸ್ಕಿನಲ್ಲಿರುವ ಎಲ್ಲದರ ಮೇಲೂ ಬರೆಯುವ ಹಾದಿ ತೆರೆದಂತೆ. ‘ಪಿಆರ್‌ಟಿವಿಟಿಓಸಿ’ ಕಮಾಂಡ್ ಕೊಟ್ಟು ಸ್ಲೈಸ್‌ಗಳ ಗಡಿ ನೋಡಿಕೊಳ್ಳಿ.

ಒಂದೇ ಡಿಸ್ಕಿನಲ್ಲಿ ಎರಡು ಸ್ವಾಪ್ ಜಾಗ ಮಾಡಿದರೆ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಸೊಲಾರಿಸ್ ಎಲ್ಲ ಸ್ವಾಪ್ ಜಾಗಗಳನ್ನೂ ಸರದಿಯಂತೆ ಬಳಸುತ್ತದೆ. ಡಿಸ್ಕಿನ ಹೆಡ್ ಅತ್ತಿಂದಿತ್ತ ಓಡಾಡಬೇಕಾಗುತ್ತದೆ. ಎರಡು ಬೇರೆ ಡಿಸ್ಕುಗಳಾದರೆ ಅದೇ ಸರದಿ ಲಾಭವಾಗುತ್ತದೆ.

ಹಂತ 6: ರೀಬೂಟ್ ಆದ ಮೇಲೂ ಉಳಿಯಬೇಕಲ್ವಾ?

‘ಸ್ವಾಪ್ -ಎ’ ಮಾಡಿದ್ದು ರೀಬೂಟ್ ಆದರೆ ಹೋಯಿತು. ವಿಎಫ್ಎಸ್‌ಟ್ಯಾಬ್‌ನಲ್ಲಿ ಈ ಸಾಲು ಬೇಕು:

/ಎಕ್ಸ್‌ಪೋರ್ಟ್/ಸ್ವಾಪ್1   -   -   ಸ್ವಾಪ್   -   ನೋ   -

ಒಟ್ಟು ಏಳು ಕಾಲಂ. ಬೂಟ್ ಆಗುವಾಗ /ಎಸ್‌ಬಿನ್/ಸ್ವಾಪ್ಆಡ್ ಎಂಬ ಸ್ಕ್ರಿಪ್ಟ್ ಇದನ್ನು ಓದುತ್ತದೆ. ನಾಲ್ಕನೇ ಕಾಲಂನಲ್ಲಿ ‘ಸ್ವಾಪ್’ ಎಂದಿರುವ ಸಾಲುಗಳನ್ನು ಮಾತ್ರ ಅದು ಹಿಡಿಯುತ್ತದೆ. ಒಂದು ಗೆರೆ ಬಿಟ್ಟುಹೋಗಿ ಕಾಲಂ ಸರಿದರೆ ಆ ಸಾಲನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಎರರ್ ಮೆಸೇಜ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ‘ರೀಬೂಟ್ ಆದ ಮೇಲೆ ಸ್ವಾಪ್ ಕಾಣುತ್ತಿಲ್ಲ’ ಎಂದಾಗ ಮೊದಲು ಎಣಿಸಬೇಕಾದ್ದು ಈ ಗೆರೆಗಳನ್ನೇ.

ಎರಡನೇ ಕಾರಣ ಸಾಲುಗಳ ಕ್ರಮ. ಸ್ವಾಪ್ ಫೈಲ್ ಇರುವ ಫೈಲ್ ಸಿಸ್ಟಂನ ಸಾಲು ಮೊದಲು ಬರಬೇಕು, ಸ್ವಾಪ್ ಸಾಲು ಅದರ ಕೆಳಗೆ. ಮೌಂಟ್ ಆಗದ ಜಾಗದಲ್ಲಿ ಫೈಲ್ ಸಿಗುವುದಾದರೂ ಹೇಗೆ?

‘ಓವರ್‌ಲ್ಯಾಪಿಂಗ್ ಸ್ವಾಪ್ ಫೈಲ್ಸ್ ಆರ್ ನಾಟ್ ಅಲೌಡ್’ ಎಂದು ಬಂದರೆ ಆ ಜಾಗ ಆಗಲೇ ಸೇರಿದೆ, ಅಥವಾ ವಿಎಫ್ಎಸ್‌ಟ್ಯಾಬ್‌ನಲ್ಲಿ ಒಂದೇ ಸಾಲು ಎರಡು ಸಲ ಇದೆ.

4 ಜಿಬಿ ಸ್ಲೈಸ್ ಕೊಟ್ಟರೂ 2 ಜಿಬಿ ಮಾತ್ರ ಕಾಣುತ್ತಿದೆಯಾ? ಕರ್ನಲ್ 32 ಬಿಟ್‌ನದು. ಅದರಲ್ಲಿ ಒಂದು ಸ್ವಾಪ್ ಜಾಗದ ಮಿತಿ 2 ಜಿಬಿಗಿಂತ ಒಂದು ಬೈಟ್ ಕಡಿಮೆ. 64 ಬಿಟ್ ಕರ್ನಲ್ ಬಂದದ್ದು ಸೊಲಾರಿಸ್ 7ರಿಂದ, ಅದೂ ಅಲ್ಟ್ರಾಸ್ಪಾರ್ಕ್ ಮೆಷಿನ್‌ಗಳಿಗೆ ಮಾತ್ರ. ‘ಐಎಸ್ಎಇನ್ಫೋ -ಕೆವಿ’ ಕೊಟ್ಟರೆ ಯಾವುದು ಓಡುತ್ತಿದೆ ಎಂದು ಹೇಳುತ್ತದೆ. ಹಳೆಯ ಅಲ್ಟ್ರಾ 1 ತಾನಾಗಿ 32 ಬಿಟ್‌ನಲ್ಲೇ ಬೂಟ್ ಆಗಬಹುದು. ಅಲ್ಲಿ 2 ಜಿಬಿಯ ಎರಡು ಸ್ಲೈಸ್ ಮಾಡಿಕೊಳ್ಳಿ, ಸಾಕು.

ಹಂತ 7: ತೆಗೆಯುವುದು, ಮತ್ತು ಡಂಪ್

ಸ್ವಾಪ್ -ಡಿ /ಎಕ್ಸ್‌ಪೋರ್ಟ್/ಸ್ವಾಪ್1

ಅದರಲ್ಲಿರುವ ಪುಟಗಳನ್ನೆಲ್ಲ ಬೇರೆಡೆ ಸಾಗಿಸಿದ ಮೇಲೆ ಇದು ಮುಗಿಯುತ್ತದೆ. ಬೇರೆಡೆ ಜಾಗವಿಲ್ಲದಿದ್ದರೆ ಆಗುವುದಿಲ್ಲ ಎನ್ನುತ್ತದೆ. ಆಮೇಲೆ ವಿಎಫ್ಎಸ್‌ಟ್ಯಾಬ್ ಸಾಲನ್ನೂ ಫೈಲನ್ನೂ ನೀವೇ ಕೈಯಾರೆ ಅಳಿಸಬೇಕು. ‘ಸ್ವಾಪ್ -ಡಿ’ ಮಾಡದೆ ಫೈಲ್ ಅಳಿಸಿದರೆ ಹೆಸರು ಹೋಗುತ್ತದೆ, ಡಿಸ್ಕಿನ ಜಾಗ ಸಿಕ್ಕುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಒಗಟು: ‘ಯುಮೌಂಟ್’ ಮಾಡಿದರೆ ಬ್ಯುಸಿ ಅನ್ನುತ್ತದೆ, ‘ಫ್ಯೂಸರ್’ ಮಾಡಿದರೆ ಯಾರೂ ಇಲ್ಲ. ಆಗ ‘ಸ್ವಾಪ್ -ಎಲ್’ ನೋಡಿ. ಆ ಫೈಲ್ ಸಿಸ್ಟಂನಲ್ಲಿ ಯಾರೋ ಎಂದೋ ಸೇರಿಸಿದ ಸ್ವಾಪ್ ಫೈಲ್ ಇರುತ್ತದೆ. ಅದನ್ನು ಹಿಡಿದಿರುವುದು ಕರ್ನಲ್, ಪ್ರೋಸೆಸ್ ಅಲ್ಲ.

ಸಿಸ್ಟಂ ಪ್ಯಾನಿಕ್ ಆದಾಗ (ಕರ್ನಲ್ಲೇ ಕುಸಿದಾಗ) ಮೆಮೊರಿಯ ನಕಲು, ಅಂದರೆ ಡಂಪ್, ಬೀಳುವುದೂ ಸ್ವಾಪ್ ಪಾರ್ಟಿಷನ್ ಮೇಲೆಯೇ. ಸೊಲಾರಿಸ್ 2.6ರವರೆಗೆ ಅದು ಮುಖ್ಯ ಸ್ವಾಪ್‌ಗೆ ಅಂಟಿಕೊಂಡಿತ್ತು. 7ರಿಂದ ‘ಡಂಪ್ಆಡ್ಎಂ’ ಎಂಬ ಕಮಾಂಡ್ ಬಂತು. ಡಂಪ್‌ಗೆ ಮೀಸಲಾದ ಸ್ವಾಪ್ ತೆಗೆದರೆ ‘ಡಂಪ್ಆಡ್ಎಂ -ಡಿ ಸ್ವಾಪ್’ ಕೊಟ್ಟು ಹೊಸದನ್ನು ಆರಿಸಲು ಹೇಳಿ.

ಹಂತ 8: ಡಿಸ್ಕೇ ಕೆಟ್ಟಿದ್ದರೆ

ಮೂವತ್ತು ವರ್ಷದ ಸ್ಕಸಿ ಡಿಸ್ಕ್ ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಸ್ವಾಪ್ ಜಾಗದ ಒಂದು ಬ್ಲಾಕ್ ಓದಲು ಬಾರದಿದ್ದರೆ, ಆ ಪುಟ ಯಾರದೋ ಆ ಪ್ರೋಗ್ರಾಂ ಸಾಯುತ್ತದೆ. ಇವತ್ತು ಎಡಿಟರ್, ನಾಳೆ ಕಂಪೈಲರ್. ಕಾರಣವಿಲ್ಲದೆ ಬೇರೆ ಬೇರೆ ಪ್ರೋಗ್ರಾಂಗಳು ಬೀಳುತ್ತಿದ್ದರೆ ಇದನ್ನು ಅನುಮಾನಿಸಿ. ಸೊಲಾರಿಸ್ 2.6ರಿಂದ ಮುಂದೆ ‘ಐಓಸ್ಟ್ಯಾಟ್ -ಇಎನ್’ ಕೊಡಿ, ಇಲ್ಲಿ ಇ ಮಾತ್ರ ದೊಡ್ಡಕ್ಷರ. ಹಾರ್ಡ್ ಎರರ್, ಮೀಡಿಯಾ ಎರರ್ ಅಂಕಿಗಳು ಕಾಣುತ್ತವೆ.

ಮೊದಲು ಇನ್ನೊಂದು ಡಿಸ್ಕಿನಲ್ಲಿ ಸ್ವಾಪ್ ಸೇರಿಸಿ, ಆಮೇಲೆ ಕೆಟ್ಟದ್ದನ್ನು ತೆಗೆಯಿರಿ. ನಂತರ ‘ಫಾರ್ಮ್ಯಾಟ್’ ಒಳಗೆ ‘ಅನಲೈಜ್’, ಅದರೊಳಗೆ ‘ರೀಡ್’. ಇದು ಓದುವುದು ಮಾತ್ರ. ಅಲ್ಲೇ ಇರುವ ‘ರೈಟ್’ ಡೇಟಾ ಅಳಿಸುತ್ತದೆ.

ಏನನ್ನೂ ಓಡಿಸಲು ಆಗದೇ ಹೋದಾಗ

ಸ್ವಾಪ್ ಪೂರ್ತಿ ಮುಗಿದರೆ ‘ಎಲ್ಎಸ್’ ಕೂಡ ಓಡುವುದಿಲ್ಲ, ಏಕೆಂದರೆ ಶೆಲ್‌ಗೆ ಫೋರ್ಕ್ ಮಾಡಲು ಜಾಗವಿಲ್ಲ. ತೆರೆದಿರುವ ರೂಟ್ ಶೆಲ್ ಒಂದಿದ್ದರೆ ಅದನ್ನು ಮುಚ್ಚಬೇಡಿ. ಶೆಲ್‌ನ ಒಳಗೇ ಇರುವ ಕಮಾಂಡ್‌ಗಳಿಗೆ ಫೋರ್ಕ್ ಬೇಡ. ‘ಎಕೋ /ಟಿಎಂಪಿ/*’ ಎಂದರೆ ಫೈಲ್‌ಗಳ ಹೆಸರು ಸಿಗುತ್ತದೆ. ಬೇಡದ ದೊಡ್ಡ ಫೈಲ್ ಕಂಡರೆ, ಕಾರ್ನ್ ಶೆಲ್ ಅಥವಾ ಬೋರ್ನ್ ಶೆಲ್‌ನಲ್ಲಿ ಹೀಗೆ ಬರೆಯಿರಿ:

: > /ಟಿಎಂಪಿ/ಫೈಲಿನ‌ಹೆಸರು

ಫೈಲ್ ಸೊನ್ನೆ ಬೈಟಿಗೆ ಇಳಿಯುತ್ತದೆ, ಸ್ವಾಪ್ ವಾಪಸ್ ಬರುತ್ತದೆ. ಕಾರ್ನ್ ಶೆಲ್‌ನಲ್ಲಿ ‘ಕಿಲ್’ ಕೂಡ ಒಳಗಿನದೇ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಖಾಲಿ ಸ್ವಾಪ್ ಫೈಲೊಂದನ್ನು ಮೊದಲೇ ಮಾಡಿಟ್ಟು, ವಿಎಫ್ಎಸ್‌ಟ್ಯಾಬ್‌ಗೆ ಸೇರಿಸದೆ ಬಿಟ್ಟಿರಿ. ಕಷ್ಟ ಬಂದಾಗ:

ಎಕ್ಸೆಕ್ /ಯುಎಸ್ಆರ್/ಎಸ್‌ಬಿನ್/ಸ್ವಾಪ್ -ಎ /ಎಕ್ಸ್‌ಪೋರ್ಟ್/ಸ್ವಾಪ್2

‘ಎಕ್ಸೆಕ್’ ಹಾಕಿದ್ದರಿಂದ ಹೊಸ ಪ್ರೋಸೆಸ್ ಹುಟ್ಟುವುದಿಲ್ಲ, ಶೆಲ್ಲೇ ಸ್ವಾಪ್ ಕಮಾಂಡ್ ಆಗಿ ಬದಲಾಗುತ್ತದೆ. ಕೆಲಸ ಮುಗಿದು ಲಾಗೌಟ್ ಆಗುತ್ತೀರಿ. ಮತ್ತೆ ಲಾಗಿನ್ ಆಗಿ.

ಯಾವುದೂ ಆಗದಿದ್ದರೆ ಪವರ್ ಬಟನ್ ಒತ್ತಬೇಡಿ. ‘ಸ್ಟಾಪ್’ ಮತ್ತು ‘ಎ’ ಕೀ ಒಟ್ಟಿಗೆ ಒತ್ತಿ ‘ಓಕೆ’ ಪ್ರಾಂಪ್ಟಿಗೆ ಬಂದು ‘ಸಿಂಕ್’ ಎಂದು ಬರೆಯಿರಿ. ಡಿಸ್ಕಿಗೆ ಹೋಗಬೇಕಾದ್ದು ಹೋಗಿ, ಡಂಪ್ ಬಿದ್ದು, ಮೆಷಿನ್ ರೀಬೂಟ್ ಆಗುತ್ತದೆ. ವಿಎಫ್ಎಸ್‌ಟ್ಯಾಬ್ ಕೆಟ್ಟು ಬೂಟೇ ಆಗದಿದ್ದರೆ ಇನ್‌ಸ್ಟಾಲ್ ಸಿಡಿ ಹಾಕಿ ‘ಬೂಟ್ ಸಿಡಿರಾಮ್ -ಎಸ್’ ಕೊಡಿ. ರೂಟ್ ಸ್ಲೈಸನ್ನು /ಎ ಮೇಲೆ ಮೌಂಟ್ ಮಾಡಿ ಫೈಲ್ ತಿದ್ದಿ. ವಿಐ ಎಡಿಟರ್ ಸರಿಯಾಗಿ ಕಾಣಬೇಕಾದರೆ ದೊಡ್ಡಕ್ಷರದ ಟರ್ಮ್ ವೇರಿಯಬಲ್‌ಗೆ ‘ಸನ್’ ಎಂದು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ.

ಎಷ್ಟು ಇಡಬೇಕು?

ಎರಡು ಪಟ್ಟು ಸೂತ್ರ ಬಿಡಿ. ಮೆಷಿನ್‌ನಲ್ಲಿ ನೀವು ಮಾಡುವ ಅತಿ ಭಾರದ ಕೆಲಸ ಶುರು ಮಾಡಿ, ಆಗ ‘ಸ್ವಾಪ್ -ಎಸ್’ನ ಅವೈಲಬಲ್ ನೋಡಿ. ನಿಮ್ಮ ಅತಿ ದೊಡ್ಡ ಪ್ರೋಗ್ರಾಂ ಒಂದು ಸಲ ಫೋರ್ಕ್ ಮಾಡಿದರೂ, ಟಿಎಂಪಿ ತನ್ನ ಮಿತಿಯವರೆಗೆ ತುಂಬಿದರೂ ಅಲ್ಲಿ ಇನ್ನೂ ಸ್ವಲ್ಪ ಉಳಿಯಬೇಕು. 128 ಎಂಬಿ ಮೆಮೊರಿಯ ಅಲ್ಟ್ರಾ 5ರಲ್ಲಿ ಸಿಡಿಇ ಡೆಸ್ಕ್‌ಟಾಪ್ ಮತ್ತು ಒಂದು ಬ್ರೌಸರ್ ಓಡಿಸುವವರಿಗೆ 512 ಎಂಬಿ ಡಿಸ್ಕ್ ಸ್ವಾಪ್ ಧಾರಾಳ. 1 ಜಿಬಿ ಮೆಮೊರಿ ತುಂಬಿದ ಮೆಷಿನ್‌ಗೆ ಡಿಸ್ಕ್ ಸ್ವಾಪ್ ಹೆಚ್ಚಾಗಿ ಬೇಕಾಗುವುದು ಡಂಪ್‌ಗೆ ಮಾತ್ರ.

ಉಳಿದ ಹಳೆ ಯುನಿಕ್ಸ್‌ಗಳು

ಸನ್‌ಓಎಸ್ 4ರಲ್ಲಿ ‘ಸ್ವಾಪ್’ ಕಮಾಂಡ್ ಇಲ್ಲ. ನೋಡಲು ‘ಪಿಸ್ಟ್ಯಾಟ್ -ಎಸ್’, ಸೇರಿಸಲು ‘ಸ್ವಾಪ್ಆನ್’. ಸೇರಿಸಿದ್ದನ್ನು ರೀಬೂಟ್ ಇಲ್ಲದೆ ತೆಗೆಯಲು ಬರುವುದಿಲ್ಲ.

ಸಿಲಿಕಾನ್ ಗ್ರಾಫಿಕ್ಸ್ ಮೆಷಿನ್‌ಗಳ ಐರಿಕ್ಸ್‌ನಲ್ಲಿ ‘ಔಟ್ ಆಫ್ ಲಾಜಿಕಲ್ ಸ್ವಾಪ್ ಸ್ಪೇಸ್’ ಎಂದು ಬರುವುದು ಇದೇ ಕಾಯ್ದಿರಿಸಿದ್ದರ ಕಥೆ. ‘ಸಿಎಚ್‌ಕೆಕಾನ್ಫಿಗ್ ವಿಸ್ವಾಪ್ ಆನ್’ ಕೊಟ್ಟು ರೀಬೂಟ್ ಮಾಡಿದರೆ ಡಿಸ್ಕ್ ಇಲ್ಲದ ಲೆಕ್ಕದ ಸ್ವಾಪ್ ಸೇರುತ್ತದೆ. ಕೇಳಿದ್ದನ್ನೆಲ್ಲ ಬಳಸದ ಪ್ರೋಗ್ರಾಂಗಳಿಗೆ ಇದು ಸಾಕು. ಎಲ್ಲರೂ ಒಮ್ಮೆಲೇ ಬಳಸಲು ಬಂದರೆ ಕರ್ನಲ್ ಪ್ರೋಸೆಸ್‌ಗಳನ್ನು ಕೊಲ್ಲುತ್ತದೆ.

ಎಚ್‌ಪಿ-ಯುಎಕ್ಸ್ 10 ಮತ್ತು 11ರಲ್ಲಿ ‘ಸ್ವಾಪ್ಇನ್ಫೋ -ಟಿಎಎಂ’ ನೋಡಿ. ಅಲ್ಲಿ ಬೇರೆಯೇ ಗುಂಡಿಯಿದೆ: ‘ಮ್ಯಾಕ್ಸ್‌ಸ್ವಾಪ್‌ಚಂಕ್ಸ್’ ಎಂಬ ಕರ್ನಲ್ ಮಿತಿ. ಅದು 256 ಇದ್ದು ಒಂದೊಂದು ತುಂಡು 2 ಎಂಬಿ ಆದರೆ ಎಷ್ಟೇ ಡಿಸ್ಕ್ ಕೊಟ್ಟರೂ 512 ಎಂಬಿ ದಾಟುವುದಿಲ್ಲ. ಮಿತಿ ಏರಿಸಿ ಕರ್ನಲ್ ಮತ್ತೆ ಕಟ್ಟಬೇಕು.

ಐಬಿಎಂನ ಏಐಎಕ್ಸ್ 4 ಮೊದಲಿಂದಲೂ ಸಾಲ ಕೊಡುವ ಮನೆ. ಅದು ಕಾಯ್ದಿರಿಸದೆ ಹಂಚುತ್ತದೆ. ಜಾಗ ಮುಗಿಯುತ್ತಾ ಬಂದಾಗ ಎಲ್ಲ ಪ್ರೋಸೆಸ್‌ಗಳಿಗೂ ‘ಸಿಗ್‌ಡೇಂಜರ್’ ಎಂಬ ಎಚ್ಚರಿಕೆ ಕಳಿಸಿ, ಆಮೇಲೆ ಕೊಲ್ಲಲು ಶುರು ಮಾಡುತ್ತದೆ. ಸೊಲಾರಿಸ್‌ನ ಹಾಗೆ ಮೊದಲೇ ಕಾಯ್ದಿರಿಸಬೇಕು ಅನ್ನಿಸಿದರೆ, ಆ ಪ್ರೋಗ್ರಾಂ ಶುರು ಮಾಡುವ ಮುಂಚೆ ದೊಡ್ಡಕ್ಷರದ ‘ಪಿಎಸ್‌ಅಲ್ಲಾಕ್’ ವೇರಿಯಬಲ್‌ಗೆ ‘ಅರ್ಲಿ’ ಎಂದು ಕೊಡಿ. ಜಾಗ ನೋಡಲು ‘ಎಲ್‌ಎಸ್‌ಪಿಎಸ್ -ಎ’, ಹಿಗ್ಗಿಸಲು ‘ಸಿಎಚ್‌ಪಿಎಸ್ -ಎಸ್’.